ಯಾವ ಎಳೆ ಎತ್ತಬೇಕು? ಕಣ್ಣಿನ ಪರದೆಯ ಚಿಪ್ ಬಗ್ಗೆ

"ಕಣ್ಣಾಗ ಚಿಪ್ ಕುಂದ್ರಸ್ತಾರಂತಲ್ರೀ ಡಾಕ್ಟ್ರ, ನಮ್ಮ ಹುಡುಗಗ ಆಗ್ತೈತೇನ್ರೀ?"

ಹುಬ್ಬಳ್ಳಿಯ ಕಣ್ಣಿನ ದವಾಖಾನೆಗಳಲ್ಲಿ ರೆಟಿನಾ, ಅಂದರೆ ಕಣ್ಣಿನ ಹಿಂಭಾಗದ ಪರದೆಯ ವಿಭಾಗದ ಮುಂದೆ ಕೂತವರ ಬಾಯಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ಹಾವೇರಿ ಕಡೆಯ ರೈತರಿರಬಹುದು, ಗದಗ-ಬೆಟಗೇರಿಯ ನೇಕಾರರಿರಬಹುದು. ಕೈಯಲ್ಲಿ ಮೊಬೈಲು, ಅದರಲ್ಲಿ ಕುರುಡರಿಗೆ ಚಿಪ್ ಕಣ್ಣು ತಂದಿತೆಂಬ ವಿಡಿಯೊ. ಹೌದು ಅಂತ ಹೇಳಿ ಕಳಿಸಿದರೂ ತಪ್ಪು, ಇಲ್ಲ ಅಂತ ಹೇಳಿ ಕಳಿಸಿದರೂ ತಪ್ಪು. ಯಾವ ರೋಗಕ್ಕೆ, ಯಾವ ಚಿಪ್, ಪರದೆಯ ಯಾವ ಪದರದಲ್ಲಿ, ಅಲ್ಲಿ ಇನ್ನೂ ಎಷ್ಟು ಕೋಶಗಳು ಜೀವಂತ ಇವೆ ಎನ್ನುವುದರ ಮೇಲೆ ಉತ್ತರ ನಿಂತಿದೆ. ಅದನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ರೋಗ. ಆರ್‌ಪಿ ಅಂತ ಚೀಟಿಯಲ್ಲಿ ಬರೆಯುವುದು ರೆಟಿನೈಟಿಸ್ ಪಿಗ್ಮೆಂಟೋಸಾ. ಜಗತ್ತಿನಲ್ಲಿ ಸುಮಾರು 4000 ಜನರಲ್ಲಿ ಒಬ್ಬರಿಗೆ ಬರುತ್ತದೆ ಎಂಬ ಲೆಕ್ಕವಿದೆ. ಹೊತ್ತು ಮುಳುಗಿದ ಮೇಲೆ ಹುಡುಗ ಹೊಸ್ತಿಲು ಎಡವುತ್ತಾನೆ, ಹಿತ್ತಲಿಗೆ ಹೋಗಲು ಹಿಂದೇಟು ಹಾಕುತ್ತಾನೆ. ಮನೆಯವರು ಇರುಳುಗಣ್ಣು ಎನ್ನುತ್ತಾರೆ. ಮಂದ ಬೆಳಕಿಗೆ ಬೇಕಾದ ದಂಡಕೋಶಗಳು ಮೊದಲು ಸಾಯುತ್ತವೆ. ಆಮೇಲೆ ನೋಟದ ಅಂಚು ಸುತ್ತಲಿನಿಂದ ಮುಚ್ಚುತ್ತಾ ಬಂದು, ಕೊಳವೆಯೊಳಗಿಂದ ನೋಡಿದಂತಾಗುತ್ತದೆ. ಕೊನೆಗೆ ನಡುವಿನ ಶಂಕುಕೋಶಗಳೂ ಹೋಗುತ್ತವೆ. ವಯಸ್ಸಾದವರಿಗೆ ಬರುವ ಮ್ಯಾಕ್ಯುಲಾ (ಪರದೆಯ ನಡುಭಾಗ) ಸವೆತದ್ದು ತದ್ವಿರುದ್ಧ ದಾರಿ: ಅಂಚು ಉಳಿಯುತ್ತದೆ, ನಡುವೆ ತೂತು ಬೀಳುತ್ತದೆ. ಎದುರಿಗೆ ನಿಂತವರ ಮುಖ ಕಾಣದು, ಪಕ್ಕದ ಕಂಬ ಕಾಣುತ್ತದೆ. ಈ ಎರಡನ್ನೂ ಒಂದೇ ಮಾಡಿ ಮಾತಾಡುವುದರಿಂದಲೇ ಚಿಪ್ ವಿಷಯದಲ್ಲಿ ಅರ್ಧ ಗೊಂದಲ ಹುಟ್ಟಿದೆ.

ಎರಡರಲ್ಲೂ ಸಾಯುವುದು ಬೆಳಕು ಹಿಡಿಯುವ ಕೋಶಗಳು. ಅವುಗಳ ಮುಂದಿನ ಬೈಪೋಲಾರ್ ಕೋಶಗಳು, ಅದರಾಚೆ ಮಿದುಳಿಗೆ ಸುದ್ದಿ ಒಯ್ಯುವ ಗ್ಯಾಂಗ್ಲಿಯನ್ ಕೋಶಗಳು ಬಹಳ ಕಾಲ ಉಳಿಯುತ್ತವೆ. ಚಿಪ್‌ನ ಆಸೆಯೆಲ್ಲ ಈ ಉಳಿದ ಕೋಶಗಳ ಮೇಲಿದೆ. ಎಷ್ಟು ಉಳಿಯುತ್ತವೆ ಎಂಬುದನ್ನು ಮಾತ್ರ ಉಬ್ಬಿಸಿ ಹೇಳಬಾರದು. ತೀವ್ರ ಆರ್‌ಪಿ ಇದ್ದವರ ಕಣ್ಣುಗಳನ್ನು ಮರಣಾನಂತರ ಪರೀಕ್ಷಿಸಿ ಮ್ಯಾಕ್ಯುಲಾದಲ್ಲಿ ಎಣಿಸಿದಾಗ ಬೆಳಕಿನ ಕೋಶಗಳು ನೂರಕ್ಕೆ 5ರಷ್ಟು, ಬೈಪೋಲಾರ್ ಕೋಶಗಳಿರುವ ನಡುಪದರದ ಕೋಶಗಳು 78ರಷ್ಟು, ಗ್ಯಾಂಗ್ಲಿಯನ್ ಕೋಶಗಳು 30ರಷ್ಟು ಉಳಿದಿದ್ದವು. ಅಂದರೆ ತಂತಿ ಪೂರ್ತಿ ಸರಿ ಇದೆ, ಬಲ್ಬ್ ಮಾತ್ರ ಹೋಗಿದೆ ಅನ್ನುವ ಹೋಲಿಕೆ ಪೂರ್ತಿ ಸರಿಯಲ್ಲ. ವರ್ಷ ಕಳೆದಂತೆ ಉಳಿದ ಕೋಶಗಳೂ ಎಲ್ಲೆಲ್ಲೋ ಹೊಸ ಕೊಂಡಿ ಬೆಳೆಸಿಕೊಳ್ಳುತ್ತವೆ, ಬೆಳಕಿಲ್ಲದಿದ್ದರೂ ತಮ್ಮಷ್ಟಕ್ಕೆ ಮಿಡಿಯತೊಡಗುತ್ತವೆ.

ಇನ್ನು ಪರದೆಯ ಒಳಗಿನ ಕೆಲಸ. ಆರೋಗ್ಯವಂತ ಕಣ್ಣಿನಲ್ಲಿ ಸುಮಾರು 12 ಕೋಟಿ ದಂಡಕೋಶ, 60 ಲಕ್ಷ ಶಂಕುಕೋಶ ಇರುತ್ತವೆ. ಮಿದುಳಿಗೆ ಹೋಗುವ ದೃಷ್ಟಿನರದಲ್ಲಿರುವ ಎಳೆಗಳು 10ರಿಂದ 12 ಲಕ್ಷ ಮಾತ್ರ. ಇಷ್ಟು ದೊಡ್ಡ ಸುದ್ದಿಯನ್ನು ಇಷ್ಟು ಸಣ್ಣ ದಾರಿಯಲ್ಲಿ ಕಳಿಸಬೇಕೆಂದರೆ ಪರದೆಯೇ ಅದನ್ನು ಸೋಸಿ, ಭಾಗ ಮಾಡಿ ಕಳಿಸಬೇಕು. ಹಾಗಾಗಿ ಗ್ಯಾಂಗ್ಲಿಯನ್ ಕೋಶಗಳಲ್ಲಿ 20ಕ್ಕೂ ಹೆಚ್ಚು ಬಗೆಗಳಿವೆ. ಒಂದು ಬಗೆ ಬೆಳಕು ಏರಿದಾಗ ಮಿಡಿಯುತ್ತದೆ, ಅದನ್ನು ಆನ್ ಕೋಶ ಎನ್ನುತ್ತಾರೆ. ಇನ್ನೊಂದು ಬೆಳಕು ಇಳಿದಾಗ ಮಿಡಿಯುವ ಆಫ್ ಕೋಶ. ಸಣ್ಣ ವಿವರಕ್ಕೆ ಮಿಡ್ಜೆಟ್ ಎಂಬ ಬಗೆ, ಚಲನೆಗೆ ಪ್ಯಾರಾಸಾಲ್ ಎಂಬ ಬಗೆ. ಇವೆರಡರಲ್ಲೂ ಆನ್ ಇವೆ, ಆಫ್ ಇವೆ. ಮನುಷ್ಯರಲ್ಲಿ ಹೀಗಾಗುವ ನಾಲ್ಕು ಮುಖ್ಯ ಬಗೆಗಳೇ ಸೇರಿ ಬಹುಪಾಲು ಎಳೆಗಳಾಗುತ್ತವೆ. ಅವುಗಳೆಲ್ಲ ಪರದೆಯ ಮೇಲೆ ಒಂದರ ಪಕ್ಕ ಒಂದು ಕಲಸಿಕೊಂಡೇ ಕೂತಿರುತ್ತವೆ. ಆನ್ ಕೋಶದ ಪಕ್ಕಕ್ಕೆ, 10-20 ಮೈಕ್ರೊಮೀಟರ್ (ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರೊಮೀಟರ್) ಆಚೆಗೇ ಆಫ್ ಕೋಶ.

ಬೆಟಗೇರಿಯಲ್ಲಿ ಸೀರೆ ನೇಯುವವರಿಗೆ ಇದನ್ನು ತಿಳಿಸುವುದು ಸುಲಭ. ಜಕಾರ್ಡ್ ಹಾಕಿದ ಮಗ್ಗದಲ್ಲಿ ರಟ್ಟಿನ ತೂತು ಹೇಳಿದಂತೆ ಕೊಕ್ಕೆ ಮೇಲೇಳುತ್ತದೆ. ಆ ಕೊಕ್ಕೆಗೆ ಕಟ್ಟಿದ ಹಾಸಿನ ಎಳೆ ಮಾತ್ರ ಎದ್ದರೆ ಸೆರಗಿನಲ್ಲಿ ಹೂವು ಮೂಡುತ್ತದೆ. ಒಂದು ಕೊಕ್ಕೆಗೆ ಅಕ್ಕಪಕ್ಕದ 200 ಎಳೆಗಳನ್ನು ಒಟ್ಟಿಗೆ ಕಟ್ಟಿದರೆ? ಕೊಕ್ಕೆ ಎಷ್ಟೇ ಚುರುಕಾಗಿ ಎದ್ದರೂ ಬಟ್ಟೆಯಲ್ಲಿ ಬರುವುದು ದಪ್ಪ ಪಟ್ಟೆ. ಈವರೆಗೆ ಮನುಷ್ಯರ ಕಣ್ಣಿಗೆ ಹಾಕಿದ ಚಿಪ್‌ಗಳಲ್ಲಿ ಹೆಚ್ಚಿನವು ಎಳೆಗಳ ಕಟ್ಟನ್ನೇ ಎತ್ತಿದವು. ಕೊಕ್ಕೆಗಳ ಸಂಖ್ಯೆ ಏರಿಸಿದರೆ ಸಾಕು ಎಂದು ನಂಬಿ ಬಹಳ ವರ್ಷ ಕಳೆದವು. ಯಾವ ಕೊಕ್ಕೆಗೆ ಯಾವ ಎಳೆ ಎಂಬುದು ಗೊತ್ತಾಗದ ಹೊರತು ಸಹಜ ನೋಟ ಬರುವುದಿಲ್ಲ ಎನ್ನುವುದೇ ಈ ಬರಹದ ಉದ್ದಕ್ಕೂ ನನ್ನ ವಾದ.

ಹಾಕಿದ ಚಿಪ್‌ಗಳನ್ನೇ ತೆಗೆದುಕೊಳ್ಳಿ. ಆರ್ಗಸ್ 2 ಎಂಬುದನ್ನು ಕ್ಯಾಲಿಫೋರ್ನಿಯಾದ ಸೆಕೆಂಡ್ ಸೈಟ್ ಕಂಪನಿ ಮಾಡಿತು. 2011ರಲ್ಲಿ ಯುರೋಪು, 2013ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟವು. ಇದು ಕೊನೆಯ ಹಂತದ ಆರ್‌ಪಿಗೆ. ಕನ್ನಡಕದಲ್ಲಿ ಕ್ಯಾಮೆರಾ, ಸೊಂಟಕ್ಕೆ ಸಣ್ಣ ಗಣಕ, ಅಲ್ಲಿಂದ ಕನ್ನಡಕದ ಸುರುಳಿಗೆ ತಂತಿ, ಸುರುಳಿಯಿಂದ ಕಣ್ಣುಗುಡ್ಡೆಯ ಮೇಲೆ ಹೊಲಿದ ಇನ್ನೊಂದು ಸುರುಳಿಗೆ ತಂತಿಯಿಲ್ಲದೆ ಸಂಕೇತ. ಕೊನೆಗೆ ಪರದೆಯ ಒಳಮೈ ಮೇಲೆ ಒಂದು ಸಣ್ಣ ಮೊಳೆಯಿಂದ ಕಚ್ಚಿಸಿದ ಹಾಳೆ, ಅದರಲ್ಲಿ 6 ಸಾಲು, ಸಾಲಿಗೆ 10ರಂತೆ 60 ಎಲೆಕ್ಟ್ರೋಡ್, ಅಂದರೆ ಕರೆಂಟು ಕೊಡುವ ಲೋಹದ ಬಿಂದುಗಳು. ಒಂದೊಂದರ ಅಗಲ 200 ಮೈಕ್ರೊಮೀಟರ್. ಅಷ್ಟು ಅಗಲದ ಎಲೆಕ್ಟ್ರೋಡ್ ಕೆಳಗೆ ನೂರಾರು ಗ್ಯಾಂಗ್ಲಿಯನ್ ಕೋಶಗಳು ಬರಬಹುದು, ಆನ್ ಮತ್ತು ಆಫ್ ಎರಡೂ. ಎರಡೂ ಒಟ್ಟಿಗೆ ಮಿಡಿದರೆ ಮಿದುಳಿಗೆ ಹೋಗುವ ಸುದ್ದಿ ಏನು? ಇಲ್ಲಿ ಬೆಳಕು ಏರಿತು, ಇದೇ ಜಾಗದಲ್ಲಿ ಇದೇ ಹೊತ್ತಿಗೆ ಬೆಳಕು ಇಳಿಯಿತು. ಹುಟ್ಟಿದಾಗಿನಿಂದ ಯಾವ ಕಣ್ಣೂ ಕಳಿಸದ ಸುದ್ದಿ ಅದು.

ಇನ್ನೊಂದು ತೊಂದರೆ ಎಳೆಗಳದ್ದೇ. ಗ್ಯಾಂಗ್ಲಿಯನ್ ಕೋಶದ ಬಾಲ ಪರದೆಯ ಒಳಮೈ ಮೇಲೆಯೇ ಬಾಗಿ ಸಾಗಿ ದೃಷ್ಟಿನರದ ಬಾಯಿಗೆ ಸೇರುತ್ತದೆ. ಎಲೆಕ್ಟ್ರೋಡ್ ಕೂತ ಜಾಗದ ಮೇಲೆ ಎಲ್ಲೋ ದೂರದ ಕೋಶಗಳ ಬಾಲಗಳು ಹಾದುಹೋಗುತ್ತಿರುತ್ತವೆ. ಕರೆಂಟು ಅವಕ್ಕೂ ತಾಗುತ್ತದೆ. ಬಾಲ ಮಿಡಿದರೆ, ಅದರ ಒಡೆಯ ಕೋಶ ಎಲ್ಲಿದೆಯೋ ಅಲ್ಲಿ ಬೆಳಕು ಕಂಡಂತೆ ಮಿದುಳು ತಿಳಿಯುತ್ತದೆ. ಒಂದು ಚುಕ್ಕಿ ಕಾಣಲಿ ಎಂದು ಕೊಟ್ಟ ಮಿಡಿತ ಬಾಗಿದ ಗೆರೆಯಾಗಿ, ಬಾಲಚುಕ್ಕಿಯ ಹಾಗೆ ಕಾಣುವುದು ಇದೇ ಕಾರಣಕ್ಕೆ. ಆರ್ಗಸ್ ಹಾಕಿಸಿಕೊಂಡವರು ಬಿಡಿಸಿ ತೋರಿಸಿದ ಆಕಾರಗಳು ಪರದೆಯ ಮೇಲಿನ ಎಳೆಗಳ ಹಾದಿಗೆ ಹೊಂದುತ್ತವೆ. ಇದರಲ್ಲಿ ಅಳೆದ ಅತ್ಯುತ್ತಮ ನೋಟ 20/1260, ನಮ್ಮ ಚೀಟಿಯ ಭಾಷೆಯಲ್ಲಿ ಹೆಚ್ಚುಕಡಿಮೆ 6/378: ಒಳ್ಳೆಯ ಕಣ್ಣಿಗೆ 378 ಮೀಟರ್ ದೂರದಿಂದ ಕಾಣುವುದು ಇವರಿಗೆ 6 ಮೀಟರಿನಿಂದ ಕಾಣುತ್ತದೆ. ಬಾಗಿಲು, ಕಿಟಕಿ, ಬಿಳಿ ಗೆರೆ, ಎದುರಿಗೆ ಯಾರೋ ಸರಿದದ್ದು ಗೊತ್ತಾಗುತ್ತಿತ್ತು. ಏನೂ ಕಾಣದವರಿಗೆ ಅದು ಸಣ್ಣದಲ್ಲ. ಆದರೆ ಅದಕ್ಕೆ ತಿಂಗಳುಗಟ್ಟಲೆ ಕಲಿಕೆ ಬೇಕಾಯಿತು.

ಕ್ಯಾಮೆರಾ ಕನ್ನಡಕದಲ್ಲಿರುವುದರಿಂದಲೂ ಒಂದು ಎಡವಟ್ಟು ಆಗುತ್ತದೆ. ಕಣ್ಣುಗುಡ್ಡೆ ಹೊರಳಿದರೂ ಚಿತ್ರ ಹೊರಳುವುದಿಲ್ಲ, ತಲೆ ಹೊರಳಿಸಬೇಕು. ಕಣ್ಣು ಎಡಕ್ಕೆ, ತಲೆ ನೇರಕ್ಕೆ ಇದ್ದಾಗ ಎದುರಿನ ಲೋಟ ಎಡಕ್ಕಿದೆ ಎಂದು ಕೈ ಚಾಚುತ್ತಾರೆ. ಒಂದೇ ಕಡೆ ನೆಟ್ಟು ನೋಡಿದರೆ ಚಿತ್ರ ಕ್ಷಣದಲ್ಲೇ ಮಾಸಿಹೋಗುತ್ತದೆ. ಸಹಜ ಕಣ್ಣು ಬಿಡುವಿಲ್ಲದೆ ಸಣ್ಣಗೆ ನಡುಗುತ್ತಾ ಚಿತ್ರವನ್ನು ಹೊಸದು ಮಾಡಿಕೊಳ್ಳುತ್ತಿರುತ್ತದೆ. ಇಲ್ಲಿ ಆ ನಡುಕಕ್ಕೆ ಬೆಲೆಯಿಲ್ಲ.

ಜರ್ಮನಿಯ ರಾಯಿಟ್ಲಿಂಗನ್‌ನಲ್ಲಿದ್ದ ರೆಟಿನಾ ಇಂಪ್ಲಾಂಟ್ ಕಂಪನಿ ಬೇರೆ ದಾರಿ ಹಿಡಿಯಿತು. ಅವರ ಆಲ್ಫಾ ಐಎಂಎಸ್ ಪರದೆಯ ಹಿಂದೆ, ಸತ್ತ ಕೋಶಗಳಿದ್ದ ಜಾಗದಲ್ಲೇ ಕೂರುತ್ತಿತ್ತು. 3 ಮಿ.ಮೀ. ಚೌಕದ ಚಿಪ್‌ನಲ್ಲಿ 1500 ಬೆಳಕಿನ ಚುಕ್ಕಿಗಳು, ಕ್ಯಾಮೆರಾ ಬೇಡ, ಕಣ್ಣು ಹೊರಳಿದರೆ ಚಿತ್ರವೂ ಹೊರಳುತ್ತದೆ. ಅತ್ಯುತ್ತಮ ನೋಟ 20/546. ಇಲ್ಲಿಯೇ ಲೆಕ್ಕ ಹಾಕಿ ನೋಡಿ: ಎಲೆಕ್ಟ್ರೋಡ್ 60ರಿಂದ 1500ಕ್ಕೆ, 25 ಪಟ್ಟು ಏರಿತು. ಅಗಲಕ್ಕೆ ಸಾಲು ಹಿಡಿದು ಎಣಿಸಿದರೂ 5 ಪಟ್ಟು ನೋಟ ಸಿಗಬೇಕಿತ್ತು, ಸಿಕ್ಕಿದ್ದು ಎರಡೂಕಾಲು ಪಟ್ಟು. ಕರೆಂಟಿಗೆ ಕಿವಿಯ ಹಿಂದಿನಿಂದ ಚರ್ಮದಡಿ ತಂತಿ ಎಳೆಯಬೇಕಿತ್ತು. ಕಣ್ಣು ಹೊರಳಿದಂತೆಲ್ಲ ಆ ತಂತಿ ಮಡಚುತ್ತದೆ. ಒಳಗಿನ ಉಪ್ಪುನೀರು ಚಿಪ್‌ನ ಹೊದಿಕೆಯನ್ನು ತಿನ್ನುತ್ತದೆ. ಮೊದಲ ಮಾದರಿ ಬೇಗ ಕೆಟ್ಟಿತು, 2016ರ ಎರಡನೇ ಮಾದರಿ ಬಾಳಿಕೆಯಲ್ಲಿ ಸುಧಾರಿಸಿತು, 2019ರಲ್ಲಿ ಕಂಪನಿಯೇ ಮುಚ್ಚಿತು.

ಈಗ ವಿಡಿಯೊಗಳಲ್ಲಿ ಓಡಾಡುತ್ತಿರುವುದು ಮೂರನೆಯದು, ಪ್ರಿಮಾ. ಸ್ಟ್ಯಾನ್‌ಫರ್ಡ್‌ನ ಡೇನಿಯಲ್ ಪಲಾಂಕರ್ ರೂಪಿಸಿದ್ದು. ಪ್ಯಾರಿಸ್‌ನ ಪಿಕ್ಸಿಯಂ ವಿಷನ್ ಬೆಳೆಸಿತು, 2024ರಲ್ಲಿ ಅಮೆರಿಕದ ಸೈನ್ಸ್ ಕಾರ್ಪೊರೇಷನ್ ಕೈಗೆ ಬಂತು. 2 ಮಿ.ಮೀ. ಚೌಕ, 30 ಮೈಕ್ರೊಮೀಟರ್ ದಪ್ಪ. ತಲೆಗೂದಲಿನ ಎಳೆಗಿಂತ ತೆಳ್ಳಗೆ. 100 ಮೈಕ್ರೊಮೀಟರ್ ಅಗಲದ 378 ಚುಕ್ಕಿಗಳು. ತಂತಿ ಇಲ್ಲ. ಕನ್ನಡಕ ಕ್ಯಾಮೆರಾ ಚಿತ್ರವನ್ನು 880 ನ್ಯಾನೊಮೀಟರ್‌ನ ಅವಕೆಂಪು (ಇನ್‌ಫ್ರಾರೆಡ್) ಬೆಳಕಾಗಿ ಕಣ್ಣೊಳಗೆ ಬೀಳಿಸುತ್ತದೆ, ಪ್ರತಿ ಚುಕ್ಕಿಯೂ ಮನೆ ಮೇಲಿನ ಸೋಲಾರ್ ಫಲಕದಂತೆ ಆ ಬೆಳಕನ್ನೇ ಕರೆಂಟು ಮಾಡಿ ಬೈಪೋಲಾರ್ ಕೋಶಕ್ಕೆ ಕೊಡುತ್ತದೆ. ಅವಕೆಂಪು ಉಳಿದ ಸಹಜ ಕೋಶಗಳಿಗೆ ಕಾಣದು. ಹಾಗಾಗಿ ಅಂಚಿನ ಸ್ವಂತ ನೋಟ ಮತ್ತು ನಡುವಿನ ಚಿಪ್ ನೋಟ ಎರಡೂ ಒಟ್ಟಿಗೆ ನಡೆಯುತ್ತವೆ. ಪ್ರತಿ ಚುಕ್ಕಿಯ ಸುತ್ತ ಕರೆಂಟು ಮರಳಿ ಹೋಗುವ ದಾರಿಯನ್ನೂ ಕೊಟ್ಟಿರುವುದರಿಂದ ಪಕ್ಕದ ಚುಕ್ಕಿಗೆ ಅದು ಸೋರುವುದು ಕಡಿಮೆ.

ಬೈಪೋಲಾರ್ ಕೋಶಕ್ಕೆ ತಾಗಿಸಿದ್ದರಿಂದ ಒಂದು ಲಾಭವಾಯಿತು: ಪರದೆಯ ಉಳಿದ ಜಾಲ ತನ್ನ ಸೋಸುವ ಕೆಲಸವನ್ನು ಒಂದಿಷ್ಟು ತಾನೇ ಮಾಡುತ್ತದೆ. ಹಾಸನ್ನು ಕೈಯಿಂದ ಎತ್ತುವ ಬದಲು ಮಗ್ಗಕ್ಕೇ ಒಂದಷ್ಟು ಬಿಟ್ಟಂತೆ. ಫಲ ಕಾಣಿಸಿದೆ. ಯುರೋಪಿನ 5 ದೇಶಗಳಲ್ಲಿ 38 ಜನರಿಗೆ ಹಾಕಿ, ವರ್ಷದ ನಂತರ ಪರೀಕ್ಷೆಗೆ ಬಂದ 32 ಜನರಲ್ಲಿ 26 ಮಂದಿಗೆ ಗಮನಾರ್ಹ ಸುಧಾರಣೆ, ಸರಾಸರಿ 25 ಅಕ್ಷರ, ಅಂದರೆ ಪರೀಕ್ಷೆಯ ಫಲಕದಲ್ಲಿ 5 ಸಾಲು. 2025ರ ಅಕ್ಟೋಬರಿನಲ್ಲಿ ಪ್ರಕಟವಾದ ಫಲಿತಾಂಶ ಇದು. ಆದರೆ ಮೂರು ಸಂಗತಿ ವಿಡಿಯೊಗಳು ನುಂಗಿಬಿಡುತ್ತವೆ. ಇದು 60 ದಾಟಿದವರ ಮ್ಯಾಕ್ಯುಲಾ ಸವೆತಕ್ಕೆ, ಅದರಲ್ಲೂ ಜಿಯಾಗ್ರಫಿಕ್ ಅಟ್ರೋಫಿ ಎಂಬ ಬಗೆಗೆ. ನಮ್ಮ ಹುಡುಗನ ಆರ್‌ಪಿಗಲ್ಲ. ಕಾಣುವುದು ಒಂದೇ ಬಣ್ಣದ ನೋಟ. ಇನ್ನು ಆ ಅಕ್ಷರಗಳನ್ನು ಓದಿದ್ದು ಕನ್ನಡಕದ ಝೂಮ್ ಹಿಗ್ಗಿಸಿದ ಮೇಲೆ.

ಝೂಮ್ ಯಾಕೆ ಬೇಕು ಎಂಬುದಕ್ಕೆ ಲೆಕ್ಕ ಸರಳ. ಪರದೆಯ ಮೇಲೆ 1 ಡಿಗ್ರಿ ಅಂದರೆ ಸುಮಾರು 290 ಮೈಕ್ರೊಮೀಟರ್. 6/6 ನೋಟಕ್ಕೆ ಅಕ್ಷರದ ಗೆರೆ 1 ಡಿಗ್ರಿಯ 60ನೇ ಒಂದು ಪಾಲು, ಅಂದರೆ 5 ಮೈಕ್ರೊಮೀಟರಿಗಿಂತ ತುಸು ಕಡಿಮೆ. ಚಿಪ್‌ನ ಚುಕ್ಕಿ 100 ಮೈಕ್ರೊಮೀಟರ್, ಅದರ 20 ಪಟ್ಟು. ಹಾಗಾಗಿ ಝೂಮ್ ಇಲ್ಲದೆ ಸಿಗಬಹುದಾದದ್ದು 6/120ರ ಆಸುಪಾಸು. ಚಿಪ್ 2 ಮಿ.ಮೀ. ಇರುವುದರಿಂದ ಕಾಣುವ ಕಿಟಕಿ 7 ಡಿಗ್ರಿ. ಕೈ ಚಾಚಿ ನಾಲ್ಕು ಬೆರಳು ಜೋಡಿಸಿ ಹಿಡಿದರೆ ಅವು ಮುಚ್ಚುವಷ್ಟು ಜಾಗ. ಝೂಮ್ ಮಾಡಿದಷ್ಟೂ ಆ ಕಿಟಕಿಯಲ್ಲಿ ಹಿಡಿಸುವ ಅಕ್ಷರ ಕಡಿಮೆ.

ಇಲ್ಲಿ ಕನ್ನಡದ ಓದುಗರಿಗೆ ಒಂದು ಪ್ರತ್ಯೇಕ ಕಷ್ಟವಿದೆ, ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ. ರೋಮನ್ ದೊಡ್ಡಕ್ಷರವನ್ನು ಅಗಲಕ್ಕೆ 5, ಎತ್ತರಕ್ಕೆ 5 ಚುಕ್ಕಿಗಳಲ್ಲಿ ಗುರುತಿಸುವಂತೆ ಬರೆಯಬಹುದು. ಚಿಗರಿ ಬಸ್ಸಿನ ಫಲಕದ ಮೇಲೆ 'ಧಾರವಾಡ' ಅಂತ ಓದಬೇಕೆಂದರೆ ಮೊದಲ ಅಕ್ಷರವನ್ನೇ ನೋಡಿ: 'ಧ' ಮತ್ತು 'ದ' ನಡುವೆ ಇರುವುದು ಹೊಟ್ಟೆಯ ಕೆಳಗಿನ ಒಂದು ಸೀಳು. 'ಪ', 'ಫ', 'ಷ' ಮೂರೂ ಒಂದೇ ಮೈಯವು, ಬೇರೆ ಮಾಡುವುದು ಒಂದು ಚಿಕ್ಕ ಗೆರೆ. 'ಹುಬ್ಬಳ್ಳಿ'ಯಲ್ಲಿ ಎರಡು ಕಡೆ ಒತ್ತು. ಮೇಲೆ ಗುಡಿಸು, ನಡುವೆ ಮೈ, ಕೆಳಗೆ ಒತ್ತು ಎಂದು ಎತ್ತರಕ್ಕೇ ಮೂರು ಅಂತಸ್ತು. ನನ್ನ ಅಂದಾಜಿನಲ್ಲಿ ಒತ್ತಕ್ಷರವನ್ನು ತಪ್ಪಿಲ್ಲದೆ ಗುರುತಿಸಲು ಎತ್ತರಕ್ಕೆ 12ರಿಂದ 15 ಚುಕ್ಕಿಯಾದರೂ ಬೇಕು. 20 ಚುಕ್ಕಿ ಅಗಲದ ಕಿಟಕಿಯಲ್ಲಿ ಅಂಥ ಅಕ್ಷರ ಒಂದೇ ಹಿಡಿಸೀತು. ಮುಂದೆ ಇಲ್ಲಿ ಯಾವುದೇ ಚಿಪ್‌ನ ಪ್ರಯೋಗ ನಡೆದರೆ ಪರೀಕ್ಷೆಯ ಫಲಕ ಕನ್ನಡದ್ದೇ ಆಗಿರಬೇಕು, ಒತ್ತಕ್ಷರ ಸಮೇತ.

ಚುಕ್ಕಿಯನ್ನು ಇನ್ನೂ ಸಣ್ಣದು ಮಾಡುವ ಕೆಲಸ ನಡೆದಿದೆ. ಆದರೆ ನಿಜವಾಗಿ ಬೇರೆಯದೆನ್ನಿಸುವ ದಾರಿ ಎಳೆ ಹುಡುಕಿ ಎತ್ತುವುದು. ಸ್ಟ್ಯಾನ್‌ಫರ್ಡ್‌ನಲ್ಲೇ ಇ.ಜೆ. ಚಿಚಿಲ್ನಿಸ್ಕಿ ಅವರ ತಂಡ ಇದರ ಹಿಂದೆ ಬಿದ್ದಿದೆ. ಕೆಲಸ ಮೂರು ಹಂತದ್ದು.

ಮೊದಲು ಕೇಳಿಸಿಕೊಳ್ಳುವುದು. 512 ಎಲೆಕ್ಟ್ರೋಡ್‌ಗಳ ಜಾಲವನ್ನು ಪರದೆಯ ಒಳಮೈಗೆ ತಾಗಿಸಿ, ಏನೂ ಕೊಡದೆ, ಕೋಶಗಳು ತಮ್ಮಷ್ಟಕ್ಕೆ ಮಿಡಿಯುವುದನ್ನು ದಾಖಲಿಸುತ್ತಾರೆ. ಪ್ರತಿ ಕೋಶದ ಮಿಡಿತ ಒಂದೊಂದು ಎಲೆಕ್ಟ್ರೋಡ್‌ನಲ್ಲಿ ಒಂದೊಂದು ಗಾತ್ರದಲ್ಲಿ ಕೇಳಿಸುತ್ತದೆ. ಅದನ್ನು ಜೋಡಿಸಿದರೆ ಕೋಶ ಎಲ್ಲಿದೆ, ಅದರ ಬಾಲ ಯಾವ ಕಡೆ ಹೋಗಿದೆ ಎಂಬ ನಕ್ಷೆ ಸಿಗುತ್ತದೆ. ಮಿಡಿತದ ಲಯ ಮತ್ತು ಆಕಾರದಿಂದ ಅದು ಆನೋ ಆಫೋ, ಮಿಡ್ಜೆಟ್ಟೋ ಪ್ಯಾರಾಸಾಲೋ ಎಂದು ಗುರುತಿಸಬಹುದು. ಕುರುಡಾದ ಪರದೆಗೆ ಬೆಳಕು ತೋರಿಸಿ ಕೇಳಲಾಗದು, ಅದಕ್ಕೇ ಈ ಉಪಾಯ.

ಎರಡನೆಯದು ನಿಘಂಟು ಕಟ್ಟುವುದು. ಒಂದೊಂದು ಎಲೆಕ್ಟ್ರೋಡ್‌ನಿಂದ ಸುಮಾರು 0.1ರಿಂದ 4 ಮೈಕ್ರೊಆಂಪಿಯರ್‌ವರೆಗೆ ಮೆಟ್ಟಿಲು ಮೆಟ್ಟಿಲಾಗಿ ಕರೆಂಟು ಏರಿಸುತ್ತಾ, ಪ್ರತಿ ಮೆಟ್ಟಿಲಲ್ಲೂ ಹಲವು ಸಲ ಕೊಟ್ಟು, ಯಾವ ಕೋಶ ಎಷ್ಟು ಸಲ ಮಿಡಿಯಿತು ಎಂದು ಬರೆದುಕೊಳ್ಳುತ್ತಾರೆ. ಬಲು ಚಿಕ್ಕ ಮಿಡಿತ, ಅದರ ಒಂದು ಹಂತಕ್ಕೆ 50 ಮೈಕ್ರೊಸೆಕೆಂಡ್. ಕೆಲವು ಎಲೆಕ್ಟ್ರೋಡ್‌ಗಳಿಗೆ ಒಂದೇ ಕೋಶ ಸಿಗುತ್ತದೆ, ಅದು ಒಳ್ಳೆಯ ಜಾಗ. ಕೆಲವಕ್ಕೆ ಇಬ್ಬರು ನೆರೆಯವರೂ ಏಳುತ್ತಾರೆ. ಕೆಲವು ಕಡೆ ಕೋಶಕ್ಕಿಂತ ಮೊದಲೇ ಬಾಲದ ಕಟ್ಟು ಮಿಡಿಯುತ್ತದೆ, ಅಂಥ ಜಾಗದ ಕರೆಂಟನ್ನು ಆ ಮೆಟ್ಟಿಲಿಗೆ ಮುಂಚೆಯೇ ನಿಲ್ಲಿಸಬೇಕು. ಪರದೆಯ ಕಿವಿ ಕಡೆಯ ಭಾಗದಲ್ಲಿ ಎಳೆಗಳು ಮೇಲಕ್ಕೊಂದು ಗುಂಪು ಕೆಳಕ್ಕೊಂದು ಗುಂಪಾಗಿ ಬೈತಲೆ ತೆಗೆದಂತೆ ಸೀಳಿಕೊಳ್ಳುವ ಒಂದು ಗೆರೆಯಿದೆ, ರಾಫೆ ಎನ್ನುತ್ತಾರೆ. ಅಲ್ಲಿ ಕಟ್ಟು ತೆಳ್ಳಗಿರುವುದರಿಂದ ಕೋಶವನ್ನು ಮಾತ್ರ ಎತ್ತುವುದು ಸುಲಭ.

ಮೂರನೆಯದು ಆಡುವುದು. ಚಿತ್ರವೊಂದು ಬಂದಾಗ ಆರೋಗ್ಯವಂತ ಪರದೆ ಯಾವ ಕೋಶಕ್ಕೆ ಎಷ್ಟು ಮಿಡಿತ ಕೊಡುತ್ತಿತ್ತೋ ಅದನ್ನು ಗುರಿ ಇಟ್ಟುಕೊಂಡು, ನಿಘಂಟಿನಿಂದ ಒಂದೊಂದೇ ಕರೆಂಟಿನ ಮಿಡಿತ ಆರಿಸಿ ಕೊಡುತ್ತಾ ಹೋಗುತ್ತಾರೆ. ಪ್ರತಿ ಸಲವೂ ಗುರಿಗೆ ಅತಿ ಹತ್ತಿರ ಒಯ್ಯುವ ಮಿಡಿತವೇ ಆಯ್ಕೆ. ಎಲ್ಲವನ್ನೂ ಒಟ್ಟಿಗೆ ಕೊಟ್ಟರೆ ಕರೆಂಟುಗಳು ಒಂದರೊಳಗೊಂದು ಕಲಸಿ ನಿಘಂಟು ಸುಳ್ಳಾಗುತ್ತದೆ. ಆದರೆ ಕಣ್ಣಿನ ದಾರಿ ಹತ್ತಾರು ಮಿಲಿಸೆಕೆಂಡುಗಳ ಸುದ್ದಿಯನ್ನು ಒಂದೇ ಚಿತ್ರವಾಗಿ ಕೂಡಿಸಿಕೊಳ್ಳುತ್ತದೆ. ಅಷ್ಟರೊಳಗೆ ನೂರಾರು ಚಿಕ್ಕ ಮಿಡಿತಗಳನ್ನು ಒಂದರ ಹಿಂದೊಂದು ತೂರಿಸಬಹುದು. ಲಾಳಿ ಒಂದೊಂದು ಸಲ ಹಾಯುವಾಗಲೂ ಬೇರೆ ಬೇರೆ ಎಳೆ ಎದ್ದು ಕೊನೆಗೆ ಹೂವೊಂದು ಮುಗಿಯುವ ಹಾಗೆ. ಮಂಗಗಳ ಪರದೆಯಲ್ಲಿ ಮತ್ತು ದಾನವಾಗಿ ಬಂದ ಮನುಷ್ಯರ ಪರದೆಯಲ್ಲಿ, ಕಣ್ಣಿನಿಂದ ಹೊರತೆಗೆದು ತಟ್ಟೆಯಲ್ಲಿಟ್ಟು ಇದನ್ನು ಮಾಡಿ ತೋರಿಸಿದ್ದಾರೆ.

ತಟ್ಟೆಯಲ್ಲಿ ಆದದ್ದು ಕಣ್ಣೊಳಗೆ ಬರಬೇಕಾದರೆ ಅಡ್ಡ ಬರುವವು ಮುಖ್ಯವಾಗಿ ನಾಲ್ಕು, ನಾಲ್ಕಕ್ಕೂ ಲೆಕ್ಕ ಹಾಕಬಹುದು. ಕಣ್ಣುಗುಡ್ಡೆ ದುಂಡು, ಚಿಪ್ ಚಪ್ಪಟೆ. ಒಳಗಿನ ತ್ರಿಜ್ಯ ಸುಮಾರು 11 ಮಿ.ಮೀ. ಹಿಡಿದರೆ 2 ಮಿ.ಮೀ. ಚಿಪ್‌ಗೂ ಪರದೆಗೂ ನಡುವಿನ ಸಂದು ಹೆಚ್ಚೆಂದರೆ 45 ಮೈಕ್ರೊಮೀಟರ್, 5 ಮಿ.ಮೀ. ಚಿಪ್ ಆದರೆ 280 ಮೈಕ್ರೊಮೀಟರ್. ಕೋಶದ ಗಾತ್ರವೇ 10-20 ಇರುವಾಗ 280ರಷ್ಟು ದೂರದಿಂದ ಒಂದೇ ಕೋಶ ಮುಟ್ಟುವ ಮಾತೇ ಇಲ್ಲ. ಆದ್ದರಿಂದ ಬಾಗುವ ಹಾಳೆ ಬೇಕು, ಇಲ್ಲವೇ ಸಣ್ಣ ಚಿಪ್‌ಗಳನ್ನು ಪಕ್ಕಪಕ್ಕ ಜೋಡಿಸಬೇಕು. ಎರಡನೆಯದು ವಿದ್ಯುತ್ ಹೊರೆ. ಪ್ಲಾಟಿನಂ ಎಲೆಕ್ಟ್ರೋಡ್‌ಗೆ ಸಾಮಾನ್ಯವಾಗಿ ಹಾಕುವ ಮಿತಿ ಚದರ ಸೆಂಟಿಮೀಟರಿಗೆ 0.35 ಮಿಲಿಕುಲಂಬ್. 10 ಮೈಕ್ರೊಮೀಟರ್ ಅಗಲದ ಎಲೆಕ್ಟ್ರೋಡ್‌ಗೆ ಇದು 0.27 ನ್ಯಾನೊಕುಲಂಬ್ ಆಗುತ್ತದೆ, 50 ಮೈಕ್ರೊಸೆಕೆಂಡಿನ ಮಿಡಿತದಲ್ಲಿ 5.5 ಮೈಕ್ರೊಆಂಪಿಯರ್. ಕೋಶಕ್ಕೆ ಒತ್ತಿ ಕೂತರೆ 1 ಮೈಕ್ರೊಆಂಪಿಯರ್ ಸುತ್ತಮುತ್ತ ಸಾಕು, ಸ್ವಲ್ಪ ಎದ್ದರೂ ಮಿತಿ ಮೀರುತ್ತದೆ. ಮಿತಿ ಮೀರಿದರೆ ಲೋಹ ಕರಗುತ್ತದೆ, ನೀರು ಒಡೆದು ಗುಳ್ಳೆ ಏಳುತ್ತದೆ, ಕೋಶ ಸಾಯುತ್ತದೆ. ಅದಕ್ಕೇ ಕೊಟ್ಟಷ್ಟೇ ವಿದ್ಯುತ್ತನ್ನು ತಕ್ಷಣ ಎದುರು ದಿಕ್ಕಿನಲ್ಲಿ ವಾಪಸು ಎಳೆಯುವ ಜೋಡಿ ಮಿಡಿತ ಕಡ್ಡಾಯ. ಮೂರನೆಯದು ಮಾಹಿತಿ. 512 ಎಲೆಕ್ಟ್ರೋಡ್‌ಗಳನ್ನು ಸೆಕೆಂಡಿಗೆ 20,000 ಸಲ, ಪ್ರತಿ ಸಲ 10 ಬಿಟ್ ಎಂದು ಓದಿದರೆ ಸೆಕೆಂಡಿಗೆ 10 ಕೋಟಿ ಬಿಟ್ ದಾಟುತ್ತದೆ. ಅಷ್ಟನ್ನು ಕಣ್ಣಿನಿಂದ ಹೊರಗೆ ಕಳಿಸಲು ಬೇಕಾದ ಶಕ್ತಿಯೇ ನಾಲ್ಕನೆಯ ಅಡ್ಡಿ, ಶಾಖ. ಅಂಗಾಂಶ 1-2 ಡಿಗ್ರಿಗಿಂತ ಹೆಚ್ಚು ಬಿಸಿಯಾಗಬಾರದು. ಹಾಗಾಗಿ ಮಿಡಿತ ಬಂದ ಕ್ಷಣವನ್ನು ಮಾತ್ರ ಚಿಪ್‌ನೊಳಗೇ ಹೆಕ್ಕಿ ಕಳಿಸುವ ಸರ್ಕ್ಯೂಟುಗಳ ಮೇಲೆ ಬಹಳ ಕೆಲಸ ನಡೆದಿದೆ.

ಶಸ್ತ್ರಚಿಕಿತ್ಸೆ ರೆಟಿನಾ ಸರ್ಜನ್‌ಗಳಿಗೆ ಪರಿಚಯದ್ದೇ, ಆದರೆ ಸೂಕ್ಷ್ಮ. ಪ್ರಿಮಾದಲ್ಲಿ ಮೊದಲು ಕಣ್ಣೊಳಗಿನ ವಿಟ್ರಿಯಸ್ ಲೋಳೆ ತೆಗೆಯುತ್ತಾರೆ. ಆಮೇಲೆ ತೆಳ್ಳನೆಯ ಸೂಜಿಯಿಂದ ಪರದೆಯ ಹಿಂದೆ ದ್ರವ ತುಂಬಿ ಗುಳ್ಳೆಯಂತೆ ಎಬ್ಬಿಸುತ್ತಾರೆ, ಪಕ್ಕದಲ್ಲಿ ಸಣ್ಣ ಸೀಳು ಮಾಡಿ ಚಿಪ್ ಜಾರಿಸಿ ಸವೆದ ಜಾಗದ ನಡುವಿಗೆ ತರುತ್ತಾರೆ, ಭಾರದ ದ್ರವದಿಂದ ಪರದೆಯನ್ನು ಚಪ್ಪಟೆ ಮಾಡಿ, ಮತ್ತೆ ಏಳದಂತೆ ಎಣ್ಣೆ ಅಥವಾ ಅನಿಲ ತುಂಬುತ್ತಾರೆ. ಚಿಪ್ ಅಂಚು ಒರಟಾಗಿ ತಾಗಿದರೆ ರಕ್ತ, ಎಳೆದ ಕಡೆ ಹರಿದರೆ ತೂತು, ಆಮೇಲೆ ಕಣ್ಣಿನ ಒತ್ತಡ ಏರುವುದು. ಆ 38 ಜನರಲ್ಲಿ 19 ಮಂದಿಗೆ ಒಟ್ಟು 26 ಗಂಭೀರ ತೊಂದರೆ ಆದವು, ಹೆಚ್ಚಿನವು ಮೊದಲ ಎರಡು ತಿಂಗಳಲ್ಲಿ, ಅವುಗಳಲ್ಲಿ ಬಹುಪಾಲು ವಾಸಿಯೂ ಆದವು. ಅರ್ಧದಷ್ಟು ಜನ ಎಂಬುದನ್ನು ಮನೆಯವರು ಮೊದಲೇ ತಿಳಿದಿರಬೇಕು.

ಇನ್ನೊಂದು ಅಪಾಯ ಕಣ್ಣಿನದಲ್ಲ. ಆರ್ಗಸ್ 2 ತಯಾರಿಕೆ 2019ರಲ್ಲಿ ನಿಂತಿತು. 350ಕ್ಕೂ ಹೆಚ್ಚು ಜನರ ಕಣ್ಣಲ್ಲಿ ಆ ಉಪಕರಣ ಇತ್ತು. ಕನ್ನಡಕ ಒಡೆದರೆ, ಸೊಂಟದ ಗಣಕ ಕೆಟ್ಟರೆ ಬಿಡಿಭಾಗ ಸಿಗದೆ ಮತ್ತೆ ಕತ್ತಲಾದವರಿದ್ದಾರೆ. ಕಣ್ಣಿಗೆ ಹಾಕುವ ಯಾವುದೇ ಯಂತ್ರದ ಬಗ್ಗೆ ಕೇಳಬೇಕಾದ ಪ್ರಶ್ನೆಗಳಲ್ಲಿ ಇದನ್ನು ನಾನು ಮೇಲಿಡುತ್ತೇನೆ: ಕಂಪನಿ ಹೋದರೆ ರಿಪೇರಿ ಯಾರದ್ದು, ಒಳಗಿನದನ್ನು ತೆಗೆಯುವ ಖರ್ಚು ಯಾರದ್ದು, ಲಿಖಿತದಲ್ಲಿ ಕೊಡುತ್ತೀರಾ?

ಹಾಗಾದರೆ ದವಾಖಾನೆಯ ಬೆಂಚಿನ ಮೇಲೆ ಕೂತು ಕೇಳಿದ ಆ ತಂದೆಗೆ ಹೇಳುವುದೇನು? ಇವತ್ತು ಹುಬ್ಬಳ್ಳಿಯಲ್ಲಿ ರೊಕ್ಕ ಕಟ್ಟಿ ಹಾಕಿಸಿಕೊಂಡು ಬರುವ ವಸ್ತು ಇದಲ್ಲ. ಗ್ಲಾಕೋಮಾದಿಂದ ನರ ಸತ್ತಿದ್ದರೆ, ಪೆಟ್ಟು ಬಿದ್ದು ದೃಷ್ಟಿನರ ಹರಿದಿದ್ದರೆ ಯಾವ ರೆಟಿನಾ ಚಿಪ್ಪೂ ಕೆಲಸಕ್ಕೆ ಬಾರದು, ಸುದ್ದಿ ಒಯ್ಯುವ ಎಳೆಯೇ ಇಲ್ಲ. ಹುಟ್ಟಿನಿಂದಲೇ ಕಾಣದವರ ಮಿದುಳು ನೋಡುವುದನ್ನು ಕಲಿತಿರುವುದಿಲ್ಲ, ಅವರನ್ನೂ ಈ ಪ್ರಯೋಗಗಳಿಗೆ ತೆಗೆದುಕೊಳ್ಳುವುದಿಲ್ಲ. ಪ್ರಯೋಗ ಎಂದು ಯಾರಾದರೂ ಕರೆದರೆ, ಅದು ಸಿಟಿಆರ್‌ಐ ಎಂಬ ಕೇಂದ್ರದ ದಾಖಲೆಯಲ್ಲಿ ನೋಂದಣಿಯಾಗಿದೆಯೇ ಎಂದು ನೋಡಬೇಕು. ಭಾರತದಲ್ಲಿ 2009ರಿಂದ ಈ ನೋಂದಣಿ ಕಡ್ಡಾಯ. ಪ್ರಯೋಗದ ಚಿಕಿತ್ಸೆಗೆ ರೋಗಿಯಿಂದಲೇ ಲಕ್ಷಗಟ್ಟಲೆ ಕೇಳಿದರೆ ಅಲ್ಲಿಂದ ಎದ್ದು ಬರಬೇಕು.

ಮಾಡಬಹುದಾದದ್ದು ಬೇಕಾದಷ್ಟಿದೆ, ಅದು ಚಿಪ್‌ಗೂ ನೆರವಾಗುತ್ತದೆ. ಆರ್‌ಪಿ ಇದ್ದವರಿಗೆ ಪೊರೆ ಬೇಗ ಬರುತ್ತದೆ, ತೆಗೆಸಿದರೆ ಉಳಿದ ನೋಟ ತಿಳಿಯಾಗುತ್ತದೆ. ಮ್ಯಾಕ್ಯುಲಾದಲ್ಲಿ ನೀರು ತುಂಬಿಕೊಳ್ಳುವುದೂ ಸಾಮಾನ್ಯ, ಅದಕ್ಕೆ ಹನಿ ಮತ್ತು ಮಾತ್ರೆಗಳಿವೆ. 'ಆರ್‌ಪಿ ಅಂದ್ರ ಏನೂ ಮಾಡಾಕ ಬರೂದಿಲ್ಲ' ಅಂತ ಮನೆಯಲ್ಲಿ ಕೂತರೆ ಇವೆರಡೂ ತಪ್ಪಿಹೋಗುತ್ತವೆ. ಹುಡುಗನಿಗೆ ಕಿವಿಯೂ ಮಂದವಿದ್ದರೆ ಅಷರ್ ಸಿಂಡ್ರೋಮ್ ಇರಬಹುದು, ಕಿವಿ ಪರೀಕ್ಷೆ ಮಾಡಿಸಬೇಕು. ಜೀನ್ ಪರೀಕ್ಷೆ ಎರಡು ಕಾರಣಕ್ಕೆ ಬೇಕು. ಆರ್‌ಪಿಇ65 ಎಂಬ ಜೀನ್‌ನ ದೋಷಕ್ಕೆ ಅಮೆರಿಕ 2017ರಲ್ಲಿ ಒಪ್ಪಿದ ಜೀನ್ ಚಿಕಿತ್ಸೆ ಇದೆ. ಇನ್ನು ಅಕ್ಕನ ಮಗಳು, ಸೋದರಮಾವ ಎಂದು ಸಂಬಂಧದೊಳಗೇ ಕೊಟ್ಟು ತರುವ ಮನೆಗಳಲ್ಲಿ ಗಂಡ-ಹೆಂಡತಿ ಇಬ್ಬರೂ ಒಂದೇ ದೋಷ ಹೊತ್ತಿದ್ದರೆ ಪ್ರತಿ ಮಗುವಿಗೂ ರೋಗ ಬರುವ ಸಾಧ್ಯತೆ ನಾಲ್ಕರಲ್ಲೊಂದು. ಮುಂದಿನ ಮದುವೆ ಮಾತಿಗೆ ಮೊದಲೇ ಅದು ತಿಳಿದಿದ್ದರೆ ಒಳಿತು.

ನಡುವಿನ ನೋಟ 6/6 ಇದ್ದರೂ ಕಾಣುವ ಅಗಲ 10 ಡಿಗ್ರಿಗಿಂತ ಕಡಿಮೆ ಇದ್ದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪ್ರಕಾರ ಅದು ಅಂಧತ್ವವೇ. ಚೀಟಿಯಲ್ಲಿ 6/6 ನೋಡಿ ಎಷ್ಟೋ ಮನೆಯವರು ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡಿಗೆ ಅರ್ಜಿಯನ್ನೇ ಹಾಕುವುದಿಲ್ಲ. ಕಾಣುವ ಅಗಲ ಅಳೆಯುವ ಫೀಲ್ಡ್ ಪರೀಕ್ಷೆಯ ವರದಿ ಹಿಡಿದು ಜಿಲ್ಲಾ ಆಸ್ಪತ್ರೆಗೆ ಹೋಗಬೇಕು. ಬಿಳಿ ಕೋಲಿನ ನಡಿಗೆ, ಫೋನಿನಲ್ಲಿ ಕನ್ನಡ ಓದಿ ಹೇಳುವ ಟಾಕ್‌ಬ್ಯಾಕ್, ಬ್ರೈಲ್, ಇವನ್ನು ಸ್ವಲ್ಪ ಕಾಣುವಾಗಲೇ ಕಲಿಸಿದರೆ ಹುಡುಗನ ಓದು ನಡುವೆ ನಿಲ್ಲುವುದಿಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳ, ಪುಟ್ಟರಾಜ ಗವಾಯಿಗಳ ಕಾಲದಿಂದ ಅಂಧ ಮಕ್ಕಳು ಕಿವಿಯಿಂದಲೇ ರಾಗ ಹಿಡಿದು ಬೆಳೆದಿದ್ದಾರೆ. ಆ ಇಬ್ಬರು ಗುರುಗಳಿಗೂ ಕಣ್ಣು ಕಾಣುತ್ತಿರಲಿಲ್ಲ. ಈ ನಾಡಿಗೆ ಆ ದಾರಿ ಹೊಸದಲ್ಲ.

ಒಂದು ಫೈಲ್ ಮಾಡಿ ಇಡಿ. ಅದರಲ್ಲಿ ಜೀನ್ ವರದಿ, ವರ್ಷಕ್ಕೊಂದು ಫೀಲ್ಡ್ ಪರೀಕ್ಷೆ, ಇಆರ್‌ಜಿ (ಬೆಳಕಿಗೆ ಪರದೆ ಕೊಡುವ ವಿದ್ಯುತ್ ಉತ್ತರ ಅಳೆಯುವ ಪರೀಕ್ಷೆ) ಮಾಡಿಸಿದ್ದರೆ ಅದರ ಗ್ರಾಫ್, ಪರದೆಯನ್ನು ಪದರ ಪದರವಾಗಿ ತೋರಿಸುವ ಓಸಿಟಿ ಸ್ಕ್ಯಾನ್. ಓಸಿಟಿಯನ್ನು ಕಾಗದದಲ್ಲಿ ಮುದ್ರಿಸಿದ್ದಷ್ಟೇ ಸಾಲದು, ಪೆನ್‌ಡ್ರೈವ್‌ನಲ್ಲಿ ಹಾಕಿ ಕೊಡಿ ಎಂದು ಕೇಳಬೇಕು. ಕಾಗದದ ಮೇಲೆ ಪದರಗಳ ದಪ್ಪ ಅಳೆಯಲು ಬರುವುದಿಲ್ಲ. ನಡುಪದರ ಎಷ್ಟಿದೆ, ಗ್ಯಾಂಗ್ಲಿಯನ್ ಪದರ ಎಷ್ಟಿದೆ ಎಂಬುದು ಆ ಸ್ಕ್ಯಾನಿನಲ್ಲೇ ಸಿಗುತ್ತದೆ. ಮುಂದೆ ಯಾವುದೇ ಚಿಪ್ ತಂಡ ಹುಡುಗನ ಕಣ್ಣನ್ನು ನೋಡಲು ಒಪ್ಪಿದರೆ ಮೊದಲು ಕೇಳುವುದು ಅದನ್ನೇ.